ಜಡೆ ಹಾಕುತ್ತಿದ್ದ ಕೊಲೆಗಾರ

ಡೊಂಬಿವಲಿಯ ಕಾಕಾ ತೀರಿಕೊಂಡರೆಂದು ಫೋನ್ ಬಂದಾಗ ನಾನು ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿಯವನೊಡನೆ ಜಗಳಕ್ಕೆ ನಿಂತಿದ್ದೆ. ಜಗಳವನ್ನು ಅಲ್ಲಿಗೇ ಬಿಟ್ಟು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಅವನ ಗೋಣಿಯ ಮೇಲೇ ಕೂತುಬಿಟ್ಟೆ. ಅವನು ಪಾಪ, ಬಯ್ಯಲಿಲ್ಲ, ನೀರು ಕೊಟ್ಟ. ಕಾಕಾ ಅಂದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ಅವರ ಕೈಗಳು, ಮುಖ ಆಮೇಲೆ. ಈ ಮಾತು ಕೇಳಿದ್ದರೆ ಅವರಿಗೆ ಖುಷಿಯಾಗುತ್ತಿತ್ತೋ ಬೇಜಾರಾಗುತ್ತಿತ್ತೋ ಹೇಳಲಾರೆ.

ದೊಡ್ಡ ಕೈಗಳು. ಆಳು ಗಿಡ್ಡ, ಸಣಕಲು, ಶರ್ಟಿನ ಕಾಲರಿನೊಳಗೆ ಕುತ್ತಿಗೆ ಅಲ್ಲಾಡುತ್ತಿತ್ತು. ಕೈ ಮಾತ್ರ ಬೇರೆ ಯಾರದನ್ನೋ ತಂದು ಜೋಡಿಸಿದಂತಿದ್ದವು. ಉದ್ದ ಬೆರಳು, ಶುಭ್ರವಾದ ಉಗುರು. ಭಾನುವಾರ ಸ್ನಾನಕ್ಕೆ ಮೊದಲು ಲಿಂಬೆ ಸಿಪ್ಪೆ ತಿಕ್ಕಿಕೊಂಡು ಗ್ಯಾಲರಿಯಲ್ಲಿ ಬಿಸಿಲಿಗೆ ಕೈ ಹಿಡಿದು ನಿಲ್ಲುತ್ತಿದ್ದರು. ಹೋಟೆಲಿನವರ ಕೈಗೆ ಇಷ್ಟೆಲ್ಲ ಸಿಂಗಾರ ಯಾಕೆ ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ.

ಅವರು ಉಡುಪಿ ಕಡೆಯವರು. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು. ನಾನು ಧಾರವಾಡದವಳು, ಮದುವೆಯಾಗಿ ಡೊಂಬಿವಲಿಗೆ ಬಂದವಳು, ಠಾಣೆಯ ಒಂದು ಆಫೀಸಿನಲ್ಲಿ ಕ್ಲಾರ್ಕು. ನಮ್ಮೆರಡು ಮನೆಗಳ ಬಾಗಿಲು ಎದುರುಬದುರು. ಬಿಲ್ಡಿಂಗಿನ ಹಿರಿಯರೆಲ್ಲ ಎಲ್ಲರಿಗೂ ಕಾಕಾ, ಕಾಕು. ಹಾಗಾಗಿ ಇವರೂ ನನಗೆ ಕಾಕಾ ಕಾಕು ಆದರು. ಅವರಿಗೆ ಮಕ್ಕಳಿರಲಿಲ್ಲ. ಮನೆಯೊಳಗೆ ಅವರದು ತುಳು, ನನ್ನೊಡನೆ ಕನ್ನಡ, ಕೆಳಗಿನ ವಾಚ್‌ಮನ್ನಿನೊಡನೆ ಎರಡನ್ನೂ ಕಲಸಿದ ಹಿಂದಿ.

ಬೆಳಗಾದರೆ ನಮ್ಮ ಮಾಳಿಗೆಯಲ್ಲಿ ಎಲ್ಲರ ಬಾಗಿಲೂ ತೆರೆದೇ ಇರುತ್ತಿದ್ದವು. ಹಾಲಿನವನು, ಪೇಪರಿನವನು, ಕಸದವಳು, ಎಷ್ಟು ಸಲ ಎದ್ದು ತೆಗೆಯುವುದು. ಡಬ್ಬಿಗೆ ಚಪಾತಿ ಬೇಯಿಸುತ್ತ ತಲೆ ಎತ್ತಿದರೆ ಎದುರು ಮನೆಯಲ್ಲಿ ಕಾಕು ಬಾಗಿಲ ಕಡೆ ಮುಖ ಮಾಡಿ ನೆಲದ ಮೇಲೆ ಕೂತಿರುತ್ತಿದ್ದರು. ಹಿಂದೆ ಸ್ಟೂಲಿನ ಮೇಲೆ ಕಾಕಾ. ಕಾಕುವಿನ ಬಲಭುಜ ಹಿಡಿದುಕೊಂಡು ಕೈ ಮೇಲಕ್ಕೆ ಏಳುತ್ತಿರಲಿಲ್ಲ. ಡಾಕ್ಟರು, ಕಷಾಯ, ಎಣ್ಣೆ, ಎಲ್ಲ ಆಗಿ ಸೋತ ಮೇಲೆ ಜಡೆಯ ಕೆಲಸ ಕಾಕಾಗೆ ಬಂದಿತ್ತು. ಸೊಂಟ ದಾಟುವ ಕೂದಲು. ಕಾಕಾ ಬೆರಳ ತುದಿಯನ್ನಷ್ಟೇ ಎಣ್ಣೆಗೆ ಅದ್ದುತ್ತಿದ್ದರು. ಕೆಳಗಿನಿಂದ ಸಿಕ್ಕು ಬಿಡಿಸುತ್ತ ಮೇಲಕ್ಕೆ ಬರುತ್ತಿದ್ದರು. ಮೂರು ಎಳೆ ಮಾಡಿ ಹೆಣೆದು ಕೊನೆಗೆ ಜಡೆಯ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಎರಡು ಸಲ ನೀವಿ ಬಿಡುತ್ತಿದ್ದರು. ಆಮೇಲೆ ಎದ್ದು, ಕೈ ತೊಳೆದು, ಲೋಕಲ್ಲಿಗೆ ಓಡುತ್ತಿದ್ದರು.

"ಅವಸರ ಮಾಡಿದಷ್ಟೂ ಸಿಕ್ಕು ಜಾಸ್ತಿ" ಎನ್ನುವುದು ಅವರ ಮಾತು. ಕೂದಲಿಗಷ್ಟೇ ಅಲ್ಲ, ಹೋಟೆಲಿನಲ್ಲಿ ಪ್ಲೇಟು ಬೀಳಿಸಿದವನಿಗೂ ಅದೇ, ಗಾಡಿ ತಪ್ಪಿಸಿಕೊಂಡು ಒದ್ದಾಡುವ ನನಗೂ ಅದೇ.

ಬಿಲ್ಡಿಂಗಿನ ಗಂಡಸರಿಗೆ ಅವರನ್ನು ಕಂಡರೆ ಒಳಗೊಳಗೇ ಸಿಟ್ಟು. "ಕಾಕಾನ್ನ ನೋಡಿ ಕಲೀರಿ" ಎಂದು ನಾನು ನನ್ನ ಗಂಡನಿಗೆ ಒಮ್ಮೆ ಹೇಳಿದೆ. ರಬಾಳೆಯ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದವರು ಬೂಟು ಬಿಚ್ಚುತ್ತ, "ನನ್ನ ತಲೀ ನೀ ದಿನಾ ತಿಂತಿ, ಸಾಲದೇನು?" ಅಂದರು.

ಇಷ್ಟು ಚೆಂದ ಜಡೆ ಹಾಕಲು ಕಾಕಾ ಎಲ್ಲಿ ಕಲಿತರು? ಕಾಕು ಇದನ್ನು ಯಾರು ಕೇಳಿದರೂ ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು. "ಇವರ ಅಮ್ಮ ಸಣ್ಣ ಪ್ರಾಯದಲ್ಲೇ ತೀರಿಹೋದ್ರು. ತಂಗಿಯಂದಿರಿಗೆ ಇವರೇ ತಲೆ ಬಾಚಿ ಶಾಲೆಗೆ ಕಳಿಸಿದ್ದು. ಅಮ್ಮನ ಹಾಗೆ ಸಾಕಿದ್ದು." ಹೇಳುವಾಗ ಅವರ ದನಿ ಒದ್ದೆಯಾಗುತ್ತಿತ್ತು. ನಾವು ಕೇಳಿಸಿಕೊಂಡವರೂ ಕಣ್ಣೊರೆಸಿಕೊಳ್ಳುತ್ತಿದ್ದೆವು.

ಒಂದು ಸಲ ಆ ತಂಗಿಯರಲ್ಲೊಬ್ಬರು ಊರಿನಿಂದ ಬಂದರು. ಕಾಕು ಅಡಿಗೆಯಲ್ಲಿದ್ದಾಗ ನಮ್ಮ ಮನೆಗೆ ಬಂದು ಕೂತರು. ನಾನು ಭಕ್ತಿಯಿಂದ, "ನಿಮ್ಮ ಅಣ್ಣ ನಿಮಗ ಜಡೀ ಹಾಕಿ ಬೆಳಸ್ಯಾರಂತ" ಅಂದೆ. ಆಕೆ ನಕ್ಕ ನಗುವಿಗೆ ಕೈಯಲ್ಲಿದ್ದ ಚಾ ಚೆಲ್ಲಿತು. "ಅವನಾ? ಅವನು ಶಾಲೆ ಬಿಟ್ಟವನೇ ಹೋಟೆಲಿಗೆ ಹೋದವ. ನಮ್ಮ ತಲೆ ಬಾಚಿದ್ದು ಚಿಕ್ಕಮ್ಮ. ಅವನಿಗೆ ಅವನ ತಲೆ ಬಾಚ್ಲಿಕ್ಕೇ ಬರ್ತಿರ್ಲಿಲ್ಲ" ಅಂದರು.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮರುದಿನ ಸ್ಟೇಶನ್ನಿಗೆ ಹೋಗುವ ದಾರಿಯಲ್ಲೇ ಕಾಕಾನನ್ನು ಹಿಡಿದೆ. "ಏನ್ರಿ ಕಾಕಾ, ನಿಮ್ಮ ತಂಗಿ ಬ್ಯಾರೇನ ಹೇಳಿದ್ರಲ್ಲ. ಖರೇ ಹೇಳ್ರಿ, ಯಾರ ಕೂದ್ಲಾ ಹಿಡದು ಕಲತ್ರಿ?"

ತಮಾಷೆಗೆ ಅಂದದ್ದು. ಕಾಕಾ ನಡೆಯುವುದನ್ನೇ ನಿಲ್ಲಿಸಿದರು. "ಇವಳಿಗೆ ಹೇಳಬಾರದು" ಎಂದರು. ಆಮೇಲೆ, ಕಬ್ಬಿನ ಹಾಲಿನವನ ಬಂಡಿಯ ಪಕ್ಕ ನಿಂತು, ಎಲ್ಲವನ್ನೂ ಹೇಳಿದರು.

ಹರೆಯದಲ್ಲಿ ಅವರು ಬೆಂಗಳೂರಿನ ಒಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಒಂದು ಸಿನಿಮಾ ಕಂಪನಿ ಬಂದು ಇಳಿದಿತ್ತು. ಊರೆಲ್ಲ ಬಣ್ಣದ ಚಿತ್ರ ತೆಗೆಯುತ್ತಿದ್ದ ಕಾಲದಲ್ಲಿ ಈ ನಿರ್ಮಾಪಕನಿಗೆ ಕಪ್ಪುಬಿಳುಪಿಗಷ್ಟೇ ಶಕ್ತಿ. ಒಂದೇ ಗೋಡೆಗೆ ಮೂರು ಸಲ ಸುಣ್ಣ ಬಳಿದು ಮೂರು ಮನೆ ತೋರಿಸಿದ್ದರಂತೆ. ಹೆಣದ ಬಾಯಿಂದ ಸೋರುವ ರಕ್ತವೆಂದರೆ ಬೆಲ್ಲದ ಪಾಕಕ್ಕೆ ಕಾಫಿ ಡಿಕಾಕ್ಷನ್ ಬೆರೆಸಿದ್ದು. ಕಪ್ಪುಬಿಳುಪಿನಲ್ಲಿ ಯಾರಿಗೆ ಗೊತ್ತಾಗಬೇಕು! ಹೆಣವಾಗಿ ಮಲಗಿದ ಹುಡುಗಿಗೆ ಇರುವೆ ಮುತ್ತಿದರೆ, ಅವಳು ಮೇಕಪ್ಪು ಕೆಡುತ್ತದೆಂದು ಏಳುವ ಹಾಗಿಲ್ಲ, ಕೊಲೆಗಾರನೇ ಪಕ್ಕದಲ್ಲಿ ಕೂತು ಊದಿ ಊದಿ ಓಡಿಸಬೇಕು.

ಆ ಕೊಲೆಗಾರ ನಮ್ಮ ಕಾಕಾ. ಗೊತ್ತುಮಾಡಿದ್ದ ನಟ ಮುಂಗಡ ಸಾಲದೆಂದು ಬಂದಿರಲಿಲ್ಲ. ಕಾಫಿ ತಂದಿಟ್ಟ ಇವರ ಕೈ ನೋಡಿ ನಿರ್ದೇಶಕ, "ನೀನೇ ಬಾ" ಅಂದನಂತೆ. ಕತೆಯಲ್ಲಿ ಅವನು ಹೂವು ಮಾರುವ ನೆಪದಲ್ಲಿ ಒಂಟಿ ಹೆಂಗಸರ ಮನೆ ಹೊಗುವವನು. ಹೊಕ್ಕವನು ಕೂಡಲೇ ಕೊಲ್ಲುವುದಿಲ್ಲ. ಅವಳನ್ನು ಕುರ್ಚಿಗೆ ಕೂರಿಸಿ, ಹಿಂದೆ ನಿಂತು, ತಲೆ ಬಾಚಿ, ಜಡೆ ಹೆಣೆದು, ಹೂವು ಮುಡಿಸುತ್ತಾನೆ. ಅವಳು ಅಳುತ್ತಿರಬೇಕು, ಅವನು ನಿಧಾನವಾಗಿ ಹೆಣೆಯುತ್ತಿರಬೇಕು. ಜಡೆ ಮುಗಿದರೆ ಅವಳ ಕತೆಯೂ ಮುಗಿಯಿತು, ಆ ಜಡೆಯಿಂದಲೇ. "ಅವಳು ಹೆದರೂದನ್ನು ನಿನ್ನ ಕೈ ಸವೀಬೇಕು ಅಂತ ಹೇಳಿದ್ರು ಡೈರೆಕ್ಟರು" ಎಂದರು ಕಾಕಾ. ಕಂಪನಿಯಲ್ಲಿ ತಲೆ ಬಾಚುವ ಒಬ್ಬಳು ಮುದುಕಿಯಿದ್ದಳಂತೆ. ಎಣ್ಣೆಗೆ ಬೆರಳ ತುದಿ ಅದ್ದುವುದರಿಂದ ಹಿಡಿದು ಎಲ್ಲವನ್ನೂ ಅವಳೇ ಕಲಿಸಿದ್ದು.

"ಮದುವೆಗೆ ಮುಂಚೆ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಕೊಲೆ ಪಾರ್ಟು ಮಾಡಿದವನಿಗೆ ನಮ್ಮ ಕಡೆ ಯಾರು ಹೆಣ್ಣು ಕೊಡ್ತಾರೆ? ಪಿಚ್ಚರಲ್ಲಿ ಸಣ್ಣ ಪಾರ್ಟು ಮಾಡಿದ್ದೆ ಅಂತ ಹೇಳಿದ್ದು ಅಷ್ಟೇ. ಮತ್ತೆ ಇವಳ ಕೈ ಹಿಡ್ಕೊಂಡಿತಲ್ಲ, ಜಡೆ ಹಾಕಿದೆ. ಎಲ್ಲಿ ಕಲಿತದ್ದು ಕೇಳಿದ್ಲು. ಎಂತ ಹೇಳೂದು? ಆ ಹುಡುಗಿ ಕುತ್ತಿಗೆ ಹಿಂದೆ ನಿಂತು ಕಲಿತದ್ದು ಅಂತ ಹೇಳ್ತಾರಾ ಮಾರಾಯ್ತಿ? ಬಾಯಿಗೆ ಬಂದದ್ದು ತಂಗಿಯಂದಿರು. ಇವಳು ಅದನ್ನು ಊರಿಗೆಲ್ಲ ಹಂಚಿದ್ಲು."

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. "ಅಂದ್ರ ಕಾಕು ಪಿಚ್ಚರ್ ನೋಡಿಲ್ಲ?" ಎಂದೆ.

"ನಾನೇ ನೋಡಿಲ್ಲ" ಅಂದರು. ಚಿತ್ರ ಎರಡು ಮೂರು ಊರಿನಲ್ಲಿ ಓಡಿ ಡಬ್ಬ ಸೇರುವ ಹೊತ್ತಿಗೆ ಅವರು ಮುಂಬಯಿಗೆ ಬಂದಾಗಿತ್ತು. ಹಾಗೆಂದು ಹೇಳುವಾಗ ಅವರು ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ಲಿಂಬೆ ಸಿಪ್ಪೆಯ ಗುಟ್ಟು ನನಗೆ ಆಗ ತಿಳಿಯಿತು.

ನಮ್ಮ ಕನ್ನಡ ಸಂಘದ ನಾಟಕಗಳಲ್ಲಿ ಕಾಕಾ ಎಂದೂ ಬಣ್ಣ ಹಚ್ಚಿದವರಲ್ಲ. ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವುದು ಅವರ ಕೆಲಸ. ಪಾರ್ಟು ಮಾಡಿ ಎಂದರೆ, "ನಂದು ಒಂದು ಆಗಿದೆ, ಸಾಕು" ಎನ್ನುತ್ತಿದ್ದರು. ಜನ ಅದನ್ನು ವಿನಯವೆಂದುಕೊಂಡರು. ವಿನಯ ಎಲ್ಲಿಂದ ಬಂತು, ಅದು ಹೆಮ್ಮೆ. ಒಮ್ಮೆ ಕೊಲೆಗಾರನಾದವನು ಸಂಘದ ನಾಟಕದ ಪೋಸ್ಟ್‌ಮ್ಯಾನ್ ಆಗಲಾರ.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಗೆ ಹಳೆಯ ಚಿತ್ರಗಳ ಹುಚ್ಚು. ಠಾಣೆ ಸ್ಟೇಶನ್ನಿನ ಹೊರಗೆ ರಾಶಿ ಹಾಕಿ ಮಾರುವ ಸೀಡಿಗಳಲ್ಲಿ ಅವರಿಗೆ ಈ ಚಿತ್ರ ಸಿಕ್ಕಿತು. ಚಿತ್ರದ ಹೆಸರಿನಲ್ಲೊಂದು ಹೂವಿತ್ತು, ಕವರಿನ ಮೇಲೆ ಹೂವು ಮುಡಿದ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಮನೆಗೆ ಹೋಗಿ ಹಾಕಿ ನೋಡಿದರು. ಮೊದಲು ಮದುವೆ ಮಂಟಪ, ಆರತಿ ಹಾಡು. ನಟರ ಪಟ್ಟಿಯ ಕೊನೆಯಲ್ಲಿ ನಮ್ಮ ಕಾಕಾನ ಹೆಸರು. ಅಷ್ಟು ಸಾಕಾಯಿತು ಅವರಿಗೆ. ಸೀಡಿ ನಿಲ್ಲಿಸಿ ಸಮಿತಿಯವರಿಗೆಲ್ಲ ಫೋನ್ ಮಾಡಿದರು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಈ ಸಲ ಹೆಂಗಸರಿಗಾಗಿ ಉತ್ತಮ ಸಾಂಸಾರಿಕ ಚಿತ್ರ, ನಮ್ಮವರೇ ನಟಿಸಿದ್ದು! ಮರಾಠಿಯವರನ್ನು ನೋಡಿ ನಾವೂ ರೂಢಿ ಮಾಡಿಕೊಂಡ ಹಬ್ಬ ಅದು. ಎಳ್ಳುಂಡೆ, ಅರಿಶಿನ ಕುಂಕುಮ, ಪ್ರತಿ ಮುತ್ತೈದೆಗೂ ಒಂದು ಸ್ಟೀಲ್ ಬಟ್ಟಲು. ಅದರ ನಡುವೆ ಈ ಸಿನಿಮಾ.

ಕಾಕಾ ನನ್ನ ಬಾಗಿಲಿಗೆ ಬಂದು ನಿಂತರು. "ಆ ದಿವಸ ಇವಳನ್ನು ಎಲ್ಲಿಗಾದ್ರೂ ಕರ್ಕೊಂಡು ಹೋಗಿ. ವಾಶಿಗೆ ಮಾಲ್ ತೋರಿಸ್ಲಿಕ್ಕೆ. ನಿಮ್ಮ ಕಾಲಿಗೆ ಬೀಳ್ತೇನೆ."

"ಅದಕ್ಕಿಂತ ಕಾರ್ಯದರ್ಶಿಗೆ ಒಂದು ಮಾತು ಹೇಳ್ರಿ. ಇಂಥಾ ಪಿಚ್ಚರ್ ಅದು ಅಂತ ಅಂದ್ರ ಅವರ ನಿಲ್ಲಸ್ತಾರ."

"ಹೇಳ್ಬಹುದು" ಎಂದರು ಕಾಕಾ, "ಆದ್ರೆ ನಾನು ಇನ್ಯಾವಾಗ ನೋಡೂದು?"

ಮನುಷ್ಯನಿಗೆ ಎರಡೂ ಬೇಕಾಗಿತ್ತು. ಜೀವಮಾನದಲ್ಲಿ ತಾನು ಮಾಡಿದ ಒಂದೇ ಒಂದು ಪಾತ್ರವನ್ನು ನಾಲ್ಕು ಜನರೆದುರು ನೋಡಬೇಕು. ಹೆಂಡತಿ ಮಾತ್ರ ಅದನ್ನು ನೋಡಬಾರದು, ಬೆಳಗಾದರೆ ಬೆನ್ನು ಕೊಟ್ಟು ಎದುರಿಗೆ ಕೂರಬೇಕು. ನಾನು ಕಾಕುಗೆ ಮಾಲ್ ವಿಷಯ ಎತ್ತಿದೆ. ಅವರು ನನ್ನನ್ನು ಹುಚ್ಚಿಯಂತೆ ನೋಡಿದರು. "ನನ್ನ ಗಂಡನ ಪಿಚ್ಚರ್ ಇಡೀ ಡೊಂಬಿವಲಿ ನೋಡ್ತದೆ, ನಾನು ಹೋಗಿ ಮಾಲ್ ನೋಡೂದಾ?"

ಹಬ್ಬದ ದಿನ ಕಾಕು ಹಸಿರು ರೇಶ್ಮೆ ಸೀರೆ ಉಟ್ಟಿದ್ದರು. ಜಡೆ ಕಾಕಾ ಹಾಕಿದ್ದು, ಮಲ್ಲಿಗೆಯನ್ನೂ ಅವರೇ ಮುಡಿಸಿದ್ದು. ಮಧ್ಯಾಹ್ನ, ಬಾಡಿಗೆಗೆ ಹಿಡಿದ ಶಾಲೆಯ ಹಾಲ್, ಕಿಟಕಿಗಳಿಗೆ ಕಪ್ಪು ಬಟ್ಟೆ. ನಾನು ಕಾಕುವಿನ ಪಕ್ಕ ಮೊದಲ ಸಾಲಿನಲ್ಲಿ ಕೂತೆ. ಕಾಕಾ ಹಿಂದೆ ಬಾಗಿಲಿಗೆ ಒರಗಿ ನಿಂತರು.

ಮದುವೆ ಮುಗಿಯಿತು, ಆರತಿ ಮುಗಿಯಿತು. ಕಾಕಾ ಎಲ್ಲಿ ಕಾಕಾ ಎಲ್ಲಿ ಎಂದು ಹೆಂಗಸರು ಕೇಳುತ್ತಿರುವಾಗಲೇ ಪರದೆಯ ಮೇಲೆ ಎರಡು ಕೈ ಬಂದವು. ಮುಖವಿಲ್ಲ, ಬರೀ ಕೈ. ಒಂದು ಕ್ಷಣ ಸಭೆ ಗಪ್ಪಾಯಿತು. ಆಮೇಲೆ ಕೊಲೆಗಾರ ಮಾತಾಡಿದ. ದನಿ ಬೇರೆಯವರದು, ಗಡಸು ದನಿ, ತುಟಿ ಎಲ್ಲೋ ಮಾತು ಎಲ್ಲೋ ಎನ್ನಲು ತುಟಿಯೂ ಕಾಣುತ್ತಿರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಸತ್ತ ಹೆಂಗಸು ಉಸಿರಾಡಿದಳು. ಗೋಡೆ ಅಲುಗಾಡಿತು. ಇನ್ನೇನು, ಸಭೆಯೆಲ್ಲ ನಗೆಯೋ ನಗೆ. ಕಾರ್ಯದರ್ಶಿ ಬೆವರೊರೆಸಿಕೊಳ್ಳುತ್ತ ನಿಲ್ಲಿಸಲು ಓಡಿದರೆ, "ಇರ್ಲಿ ಬಿಡ್ರಿ, ಮುಂದೇನಾಗತ್ತೋ ನೋಡೋಣ" ಎಂದು ಅವರನ್ನೇ ಗದರಿಸಿ ಕೂರಿಸಿದರು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯರು, "ಕಾಕಾ, ಪಾರ್ಲರ್ ಕಬ್ ಖೋಲಾ?" ಎಂದು, ಅಂಗಡಿ ಯಾವಾಗ ತೆರೆದಿರೆಂದು, ಹಿಂದಿಯಲ್ಲಿ ಕೂಗಿದರು.

ಕಾಕು ನಗುತ್ತಿರಲಿಲ್ಲ. ಪರದೆಯ ಮೇಲೆ, ಇನ್ನೊಬ್ಬಳ ಮನೆಯಲ್ಲಿ, ಆ ಕೈ ಎಣ್ಣೆಗೆ ಬೆರಳ ತುದಿಯನ್ನು ಅದ್ದಿತು. ಕೆಳಗಿನಿಂದ ಸಿಕ್ಕು ಬಿಡಿಸುತ್ತ ಮೇಲೆ ಬಂತು. ಕುರ್ಚಿಯ ಹುಡುಗಿ ಅಳುತ್ತಿದ್ದಳು, ಅವಳಿಗೆ ಹಿಂದಿರುವವನು ಕಾಣುವಂತಿರಲಿಲ್ಲ. ಜಡೆ ಮುಗಿಯಿತು. ಎರಡು ಬೆರಳು ತುದಿಯನ್ನು ಹಿಡಿದು ಎರಡು ಸಲ ನೀವಿದವು. ಆಗ ಕಾಕು ತಮ್ಮ ಎಡಗೈಯಿಂದ ತಮ್ಮ ಜಡೆಯನ್ನು ಮೆಲ್ಲಗೆ ಹಿಡಿದು, ಬೆನ್ನ ಮೇಲಿನಿಂದ ಎಳೆದು, ಮುಂದಕ್ಕೆ ಎದೆಯ ಮೇಲೆ ಹಾಕಿಕೊಂಡರು. ಹಾಕಿಕೊಂಡು ಗಟ್ಟಿಯಾಗಿ ಹಿಡಿದೇ ಕೂತರು. ನಾನು ತಿರುಗಿ ನೋಡಿದೆ. ಕಾಕಾ ಪರದೆಯನ್ನು ನೋಡುತ್ತಿರಲಿಲ್ಲ, ಹೆಂಡತಿಯ ಬರಿದಾದ ಬೆನ್ನನ್ನು ನೋಡುತ್ತಿದ್ದರು.

ಚಿತ್ರ ಮುಗಿದ ಮೇಲೆ ಜನ ಅವರ ಬೆನ್ನು ತಟ್ಟಿದರು, ಕೈ ಕುಲುಕಿದರು, ಕುಲುಕಿ "ಅಯ್ಯೋ ಈ ಕೈ" ಎಂದು ನಕ್ಕರು. ನಲ್ಲಿಯ ಹತ್ತಿರ ನಾನೊಬ್ಬಳೇ ಸಿಕ್ಕಾಗ ಅವರೆಂದರು, "ನಕ್ಕುಬಿಟ್ರು ಮಾರಾಯ್ತಿ. ಹೆದರ್ಬೇಕಿತ್ತು." ನಲ್ಲಿ ತಿರುಗಿಸಿ ಕೈ ಒಡ್ಡಿ, "ಹೆದರಿದ್ದು ಒಬ್ಳೇ" ಎಂದರು.

ಮರುದಿನ ಬೆಳಿಗ್ಗೆ ಕಾಕು ಬಾಚಣಿಗೆ ಹಿಡಿದು ನನ್ನ ಬಾಗಿಲಿಗೆ ಬಂದರು. "ನೀನು ಹಾಕು" ಎಂದರು. ಹಾಕಿದೆ. ಅದರ ಮರುದಿನವೂ ಬಂದರು. ನಾನು ಒಲೆಯ ಮೇಲೆ ಚಪಾತಿ ಬಿಟ್ಟು, ಅವಸರದಲ್ಲಿ ಎಳೆದೂ ಎಳೆದೂ ಹಾಕುತ್ತಿದ್ದೆ. ಎದುರು ಬಾಗಿಲಲ್ಲಿ ಕಾಕಾ ಸುಮ್ಮನೆ ನಿಂತಿರುತ್ತಿದ್ದರು. ಆ ದೊಡ್ಡ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನನಗೆ ಅವರನ್ನು ಕಂಡು ಸಂಕಟವಾಗುತ್ತಿತ್ತು. ಆ ಹುಚ್ಚು ಕಾರ್ಯದರ್ಶಿಯನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ.

ಕೊನೆಗೆ ಕಾಕುಗೆ ಹೇಳಿಯೇಬಿಟ್ಟೆ. "ಕಾಕು, ಅದು ನಾಟಕರಿ. ಅವರು ಒಂದ ಇರುವಿಗೂ ಬಯ್ಯೂ ಮನಶ್ಯಾ ಅಲ್ಲ, ನಿಮಗ ಗೊತ್ತಿಲ್ಲೇನು?"

"ಗೊತ್ತುಂಟು" ಎಂದರು ಕಾಕು. "ಹೆದರಿಕೆ ಅಂತ ಅಲ್ಲ. ಅಷ್ಟು ವರ್ಷ ತಂಗಿಯಂದಿರ ಕತೆ ಹೇಳಿದ್ರಲ್ಲ, ನಾನು ನಂಬಿದೆನಲ್ಲ. ಈಗ ಹಿಂದೆ ಕೂತಾಗ ಅವರ ಮುಖ ಹೇಗಿರ್ತದೆ ಅಂತ ನನಗೆ ಗೊತ್ತಿಲ್ಲ ಮಾರಾಯ್ತಿ. ಇಷ್ಟು ವರ್ಷದಲ್ಲಿ ಒಂದು ದಿನ ನಾನು ನೋಡಿಲ್ಲ. ನೋಡ್ಬೇಕು ಅಂತ ಅನಿಸಿರ್ಲೂ ಇಲ್ಲ."

ಆ ವಾರ ಬಡಿಗನೊಬ್ಬ ಬಂದು ಅವರ ಹಾಲಿನ ಗೋಡೆಗೆ ಒಂದು ಕನ್ನಡಿ ಹೊಡೆದು ಹೋದ. ಎತ್ತರದಲ್ಲಲ್ಲ, ನೆಲದ ಮೇಲೆ ಕೂತವರ ಮಟ್ಟಕ್ಕೆ. ಕಾಕು ಬಾಗಿಲ ಕಡೆಗಿನ ಮುಖ ತಿರುಗಿಸಿ ಗೋಡೆಯ ಕಡೆಗೆ ಕೂತರು. "ಬನ್ನಿ" ಎಂದರು. ಕಾಕಾ ಕನ್ನಡಿಯನ್ನು ನೋಡಿದರು, ಸ್ಟೂಲು ಎಳೆದುಕೊಂಡರು, ಬೆರಳನ್ನು ಎಣ್ಣೆಗೆ ಅದ್ದಿದರು. ಅಂದಿನಿಂದ ನನಗೆ ಕಾಣುತ್ತಿದ್ದದ್ದು ಅವರಿಬ್ಬರ ಬೆನ್ನು ಮಾತ್ರ. ಬಿಲ್ಡಿಂಗಿನವರಿಗೆ ಎಲ್ಲ ಸರಿಹೋದಂತೆ ಕಂಡಿತು. ಸರಿಹೋಗಿದೆಯೆಂದು ನಾನೂ ಅಂದುಕೊಂಡೆ. ಕೆಲವು ವರ್ಷಗಳ ಮೇಲೆ ನಾವು ಮನೆ ಬದಲಿಸಿ ನವಿ ಮುಂಬಯಿಗೆ ಬಂದೆವು.

ಸುದ್ದಿ ಬಂದ ಮರುದಿನ ಡೊಂಬಿವಲಿಗೆ ಹೋದೆ. ಹಾಲಿನಲ್ಲಿ ಜನ ಬಂದು ಹೋಗಿ ಮಾಡುತ್ತಿದ್ದರು. ಕಾಕು ಒಳಕೋಣೆಯಲ್ಲಿ ಕೂದಲು ಕೆದರಿಕೊಂಡು ಕೂತಿದ್ದರು. ಎಲ್ಲ ಬೆಳ್ಳಗಾಗಿತ್ತು, ಉದ್ದ ಅಷ್ಟೇ ಇತ್ತು. ನಾನು ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದೆ.

"ಒಂದು ದಿನವೂ ಅವರು ತಲೆ ಎತ್ತಿ ಕನ್ನಡಿ ನೋಡ್ಲಿಲ್ಲ ಮಾರಾಯ್ತಿ" ಎಂದರು ಕಾಕು. "ಕೂದಲನ್ನೇ ನೋಡ್ತಿದ್ರು. ಸಿಕ್ಕು ಎಳೆದ್ರೆ ನನಗಿಂತ ಮೊದಲು ಅವರ ಮುಖ ಹಿಂಡ್ತಿತ್ತು. ಅದನ್ನು ನಾನು ಮೊದಲನೇ ದಿನವೇ ನೋಡಿದೆ."

"ಹಂಗಾದ್ರ ಕನ್ನಡೀ ತಗಸಬೇಕಿತ್ತಲ್ರಿ" ಎಂದೆ.

"ತೆಗೆಸ್ಬೇಕಿತ್ತು. ನಾಳೆ ತೆಗೆಸುವ, ನಾಳೆ ತೆಗೆಸುವ ಅಂತ ಆಯ್ತು." ಕಾಕು ಕಣ್ಣೊರೆಸಿಕೊಂಡರು. "ನಾನು ಕಾವಲು ಕೂತದ್ದು ಅಂತ ಅವರಿಗೆ ಗೊತ್ತಿತ್ತು. ಒಂದು ಮಾತು ಕೇಳ್ಲಿಲ್ಲ. ದಿನಾ ಬಂದು ಕೂತ್ರು."